ಹೊಯ್ಸಿನ್ ತಗೊಳ್ಳಲಾ, ಆಯ್ಸ್ಟರ್ ತಗೊಳ್ಳಲಾ? ಚೀನೀ ಸಾಸ್‌ಗಳ ಕಪಾಟಿನ ಮುಂದೆ ನಿಂತವರಿಗೆ

ಕಳೆದ ತಿಂಗಳು ಒಂದು ಶನಿವಾರ ನಾದಿನಿಯ ವಿಡಿಯೋ ಕಾಲ್ ಬಂತು. ಸೂಪರ್‌ಮಾರ್ಕೆಟ್‌ನಲ್ಲಿ ನಿಂತಿದ್ದಳು. ಫೋನು ತಿರುಗಿಸಿ ಕಪಾಟು ತೋರಿಸಿದಳು. ಸಾಲಾಗಿ ಐದು ಬಾಟಲಿ. ನಾಲ್ಕು ಕಪ್ಪಗಿವೆ, ಒಂದು ಜೇನಿನ ಬಣ್ಣದ್ದು.

"ಅತ್ತಿಗೆ, ರೆಸಿಪಿಯಲ್ಲಿ ಹೊಯ್ಸಿನ್ ಸಾಸ್ ಅಂತಿದೆ. ಆದ್ರೆ ಹೊಯ್ಸಿನ್ ಅಂದ್ರೆ ಸೀಫುಡ್ ಅಂತೆ, ಈಗ ಗೂಗಲ್ ಮಾಡಿದೆ. ನಾವು ತಿನ್ನೋ ಹಾಗಿಲ್ವಲ್ಲ. ಪಕ್ಕದಲ್ಲಿ ಆಯ್ಸ್ಟರ್ ಸಾಸ್ ಇದೆ, ಬಣ್ಣಾನೂ ಹಾಗೇ ಇದೆ. ಅದನ್ನೇ ತಗೊಳ್ಳಲಾ?"

ನನಗೆ ನಗು ತಡೆಯಲಾಗಲಿಲ್ಲ. ಸೀಫುಡ್ ಬೇಡ ಅಂತ ಅವಳು ಕೆಳಗಿಟ್ಟ ಬಾಟಲಿಯಲ್ಲಿ ಸೀಫುಡ್ ಇಲ್ಲ. ಕೈಗೆತ್ತಿಕೊಂಡ ಬಾಟಲಿಯಲ್ಲಿ ಇದೆ!

ಅವಳ ತಪ್ಪೇನಿಲ್ಲ. ಈ ಕಪಾಟಿನಲ್ಲಿ ಹೆಸರು ನಂಬಿದರೆ ಕೆಟ್ಟಂತೆ. ಹೊಯ್ಸಿನ್ ಅನ್ನೋದು ಕ್ಯಾಂಟನೀಸ್ ಮಾತು, ಅರ್ಥ ಸಮುದ್ರದ ಆಹಾರ ಅಂತಲೇ. ಮೀನು, ಸಿಗಡಿಯ ಜೊತೆ ನೆಂಚಿಕೊಳ್ಳುತ್ತಿದ್ದರಿಂದ ಬಂದ ಹೆಸರು ಅಂತ ಹೇಳುತ್ತಾರೆ. ಒಳಗಿರೋದು ಮಾತ್ರ ಹುದುಗಿಸಿದ ಸೋಯಾಕಾಳು, ಸಕ್ಕರೆ, ಬೆಳ್ಳುಳ್ಳಿ, ಎಳ್ಳು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅಂದ ಹಾಗೆ. ಸ್ವೀಟ್ ಬೀನ್ ಸಾಸ್ ಅಂತ ಬರೆದಿರುವುದರಲ್ಲಿ ಕಾಳಿಗಿಂತ ಗೋಧಿ ಹಿಟ್ಟೇ ಜಾಸ್ತಿ. ಅಮೆರಿಕದ ಚೀನೀ ಹೋಟೆಲುಗಳಲ್ಲಿ ಕೊಡುವ ಡಕ್ ಸಾಸ್‌ನಲ್ಲಿ ಬಾತುಕೋಳಿ ಇರಲ್ಲ. ಇವರಲ್ಲಿ ನಿಯತ್ತಿನವನು ಆಯ್ಸ್ಟರ್ ಸಾಸ್ ಒಬ್ಬನೇ: ಹೆಸರಿನಲ್ಲಿ ಸಿಂಪಿ ಇದೆ, ಬಾಟಲಿಯಲ್ಲೂ ಸಿಂಪಿಯ ರಸ ಇದೆ. ಬೇರೆಯವರನ್ನು ಆಡಿಕೊಳ್ಳೋಕೆ ನಮಗೂ ಬಾಯಿಲ್ಲ ಬಿಡಿ. ಗೋಬಿ ಮಂಚೂರಿಗೂ ಮಂಚೂರಿಯಾಕ್ಕೂ ಏನು ಸಂಬಂಧ?

ಆವತ್ತು ಫೋನಿನಲ್ಲಿ ಅರ್ಧ ಗಂಟೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ನಾಲ್ಕು ಪ್ರಶ್ನೆ

ಯಾವ ಸಾಸ್ ಒಳ್ಳೆಯದು ಅಂತ ಕೇಳಿದರೆ ಉತ್ತರ ಸಿಗಲ್ಲ. ಅದನ್ನು ಏನು ಮಾಡುತ್ತೀರಿ ಅಂತ ಕೇಳಿಕೊಂಡರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ನೆಂಚಿಕೊಳ್ಳೋಕಾ, ಅಂದರೆ ಬಾಟಲಿಯಿಂದ ನೇರ ತಟ್ಟೆಗಾ? ಬಾಣಲೆಯಲ್ಲಿ ಹುರಿಯುವಾಗ ಹಾಕೋಕಾ? ಅಥವಾ ಪನೀರ್, ತೋಫು, ಕೋಳಿಯ ಮೇಲೆ ಮೆತ್ತಿ ಸುಡೋಕಾ? ಇದು ಮೊದಲ ಪ್ರಶ್ನೆ, ಮುಖ್ಯವಾದದ್ದೂ ಇದೇ.

ಎರಡನೆಯದು, ನಿಮ್ಮ ಮನೆಯಲ್ಲಿ ಏನು ನಡೆಯುತ್ತೆ, ಏನು ನಡೆಯಲ್ಲ ಅನ್ನೋದು. ಮಾಂಸ, ಮೀನು ಮಾತ್ರ ಅಲ್ಲ. ಬೆಳ್ಳುಳ್ಳಿ ಬಿಟ್ಟವರಿದ್ದಾರೆ, ಗೋಧಿ ಆಗದವರಿದ್ದಾರೆ, ಎಳ್ಳಿನ ಅಲರ್ಜಿಯವರಿದ್ದಾರೆ. ಮೂರನೆಯದು ಸಕ್ಕರೆ ಮತ್ತು ಉಪ್ಪು. ನಾಲ್ಕನೆಯದನ್ನು ನಾವು ಮರೆತೇ ಬಿಡುತ್ತೇವೆ: ಬಾಟಲಿ ಖಾಲಿಯಾಗುತ್ತಾ? ಒಂದು ಸಲ ಬಳಸಿ ಫ್ರಿಜ್ ಬಾಗಿಲಲ್ಲಿ ವರ್ಷಗಟ್ಟಲೆ ನಿಲ್ಲುವ ಸಾಸ್ ಎಷ್ಟು ಅಗ್ಗವಾದರೂ ದುಬಾರಿಯೇ.

ಹೊಯ್ಸಿನ್: ಮುಚ್ಚಳ ತೆಗೆದರೆ ತಿನ್ನಬಹುದು

ಒಂದು ಚಮಚ ಹೊಯ್ಸಿನ್ ತೆಗೆದು ಓರೆ ಮಾಡಿ ನೋಡಿ. ತಕ್ಷಣ ಇಳಿಯಲ್ಲ. ಪುಳಿಯೋಗರೆ ಗೊಜ್ಜಿನ ಹಾಗೆ ಅಂಚಿಗೆ ಬಂದು ಯೋಚನೆ ಮಾಡುತ್ತೆ, ಆಮೇಲೆ ದಪ್ಪ ಹನಿಯಾಗಿ ಬೀಳುತ್ತೆ. ನಾಲಿಗೆಗೆ ಮೊದಲು ಸಿಹಿ, ಹಿಂದೆಯೇ ಉಪ್ಪು. ಕೊನೆಗೆ ಬೆಳ್ಳುಳ್ಳಿ, ಒಂಚೂರು ಹುಳಿ, ಮಸಾಲೆಯ ಘಮ. ಖಾರ ಇದ್ದರೂ ಹೆಸರಿಗೆ. ಮಂದ ಬರಲಿ ಅಂತ ಕೆಲವು ಬ್ರ್ಯಾಂಡ್‌ಗಳಲ್ಲಿ ಗೆಣಸು ಹಾಕಿರುತ್ತಾರೆ.

ಉಪ್ಪು, ಹುಳಿ, ಸಿಹಿ ಎಲ್ಲ ಆಗಲೇ ಹದವಾಗಿರುವುದೇ ಇದರ ದೊಡ್ಡ ಗುಣ. ಅಡುಗೆ ಮಾಡದೆಯೂ ಬಳಸಬಹುದು. ದಕ್ಷಿಣ ಚೀನಾದ ಕ್ಯಾಂಟನೀಸ್ ಊಟದಲ್ಲಿ ಸಣ್ಣಗೆ ಕೊಚ್ಚಿ ಹುರಿದ ಮಾಂಸವನ್ನು ಲೆಟ್ಯೂಸ್ ಎಲೆಯಲ್ಲಿ ಸುತ್ತಿ ತಿನ್ನುತ್ತಾರೆ. ಎಲೆಗೆ ಮೊದಲು ಸವರುವುದು ಹೊಯ್ಸಿನ್. ದಕ್ಷಿಣ ವಿಯೆಟ್ನಾಂನಲ್ಲಿ ಫೋ ಅನ್ನುವ ನೂಡಲ್ ಸೂಪಿನ ಪಕ್ಕ ಇದನ್ನೂ ಕೆಂಪು ಚಿಲ್ಲಿ ಸಾಸನ್ನೂ ಇಡುತ್ತಾರೆ. ಅಲ್ಲಿ ಇದರ ಹೆಸರು ತುವಾಂಗ್ ದೆನ್, ಕಪ್ಪು ಸಾಸ್ ಅಂತ ಅರ್ಥ. ಉತ್ತರದ ಹನೋಯ್ ಕಡೆಯವರಿಗೆ ಸೂಪಿಗೆ ಇದನ್ನು ಕಲಸುವುದು ಅಷ್ಟು ಹಿಡಿಸಲ್ಲ. ನಮ್ಮಲ್ಲಿ ಸಾಂಬಾರಿಗೆ ಬೆಲ್ಲ ಬೇಕಾ ಬೇಡವಾ ಅನ್ನೋ ಜಗಳ ಇಲ್ವಾ, ಹಾಗೇ. ಕಡಲೆಕಾಯಿ ಬೆಣ್ಣೆ ಮತ್ತು ಬಿಸಿನೀರಿನ ಜೊತೆ ಕಲಸಿದರೆ ವಿಯೆಟ್ನಾಂನ ಅಕ್ಕಿ ಹಾಳೆಯ ರೋಲ್‌ಗೆ ನೆಂಚಿಕೊಳ್ಳುವ ಸಾಸ್ ಆಗುತ್ತದೆ. ಎರಡು ನಿಮಿಷದ ಕೆಲಸ, ಮಕ್ಕಳು ಬೆರಳು ನೆಕ್ಕುತ್ತಾರೆ.

ಹಾಂಗ್‌ಕಾಂಗ್‌ಗೆ ಹೋಗುವ ಸಸ್ಯಾಹಾರಿಗಳಿಗೆ ಒಂದು ಮಾತು. ಅಲ್ಲಿ ರಸ್ತೆಬದಿ ತಿಂಡಿಯಾಗಿ ಚೀ ಚಿಯಾಂಗ್ ಫನ್ ಸಿಗುತ್ತದೆ. ಅಕ್ಕಿ ಹಿಟ್ಟಿನ ತೆಳು ಹಾಳೆಯನ್ನು ಹಬೆಯಲ್ಲಿ ಬೇಯಿಸಿ ಸುತ್ತಿ, ಕತ್ತರಿಸಿ, ಮೇಲೆ ಸಿಹಿ ಸಾಸ್, ಎಳ್ಳಿನ ಸಾಸ್, ಸೋಯಾ ಸಾಸ್ ಸುರಿದು ಹುರಿದ ಎಳ್ಳು ಉದುರಿಸುತ್ತಾರೆ. ಹೆಸರಿನ ಅರ್ಥ ಹಂದಿಯ ಕರುಳು! ಆಕಾರ ನೋಡಿ ಇಟ್ಟ ಹೆಸರು ಅಷ್ಟೇ, ಒಳಗೆ ಏನೂ ತುಂಬದ ಸಾದಾ ರೋಲ್‌ನಲ್ಲಿ ಇರೋದು ಬರೀ ಅಕ್ಕಿ. ಆದರೆ ಇದೇ ತಿಂಡಿಯನ್ನು ಮಲೇಷ್ಯಾದ ಪೆನಾಂಗ್‌ನಲ್ಲಿ ತಿನ್ನುವಾಗ ಕೇಳಿ ನೋಡಿ, ಅಲ್ಲಿ ಸಿಗಡಿಯ ಕಪ್ಪು ಪೇಸ್ಟ್ ಹಾಕುವ ರೂಢಿ ಇದೆ. ನಾನು ಮನೆಯಲ್ಲಿ ಉಳಿದ ನೀರ್ ದೋಸೆ ಸುತ್ತಿ, ಮೇಲೆ ಹೊಯ್ಸಿನ್ ಹಾಕಿ ಎಳ್ಳು ಉದುರಿಸಿ ತಿಂದಿದ್ದೇನೆ. ಅಮ್ಮ ನೋಡಿದ್ದರೆ ಬೈಯುತ್ತಿದ್ದರು.

ಇನ್ನು ತೊಂದರೆಗಳು. ಸಕ್ಕರೆ ಜಾಸ್ತಿ, ಎಷ್ಟೋ ಬಾಟಲಿಗಳ ಪದಾರ್ಥಗಳ ಪಟ್ಟಿ ಶುರುವಾಗುವುದೇ ಅದರಿಂದ. ಒಂದು ಟೇಬಲ್ ಚಮಚಕ್ಕೆ, ಅಂದರೆ 16 ಗ್ರಾಂಗೆ, ಸುಮಾರು 35 ಕ್ಯಾಲೊರಿ ಮತ್ತು 250 ಮಿಲಿಗ್ರಾಂಗಿಂತ ಸ್ವಲ್ಪ ಜಾಸ್ತಿ ಸೋಡಿಯಂ ಇರುತ್ತದೆ. ದೊಡ್ಡವರಿಗೆ ದಿನಕ್ಕೆ 2000 ಮಿಲಿಗ್ರಾಂ ಸೋಡಿಯಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾಲ್ಕು ಚಮಚ ಸುರಿದುಕೊಂಡರೆ ಅರ್ಧ ಕೋಟಾ ಅಲ್ಲೇ ಮುಗಿಯಿತು. ಬೆಳ್ಳುಳ್ಳಿ ಇದ್ದೇ ಇರುತ್ತದೆ. ಹೆಚ್ಚಿನ ಬ್ರ್ಯಾಂಡ್‌ಗಳಲ್ಲಿ ಗೋಧಿ, ಎಳ್ಳು ಎರಡೂ ಇರುತ್ತವೆ.

ಮತ್ತೆ, ಇದು ಬೇಗ ಸೀಯುತ್ತದೆ. ಇದನ್ನು ನಾನು ಕಲಿತದ್ದು ತವೆ ಉಜ್ಜಿ. ಒಂದು ಸಲ ಪನೀರ್ ತುಂಡುಗಳಿಗೆ ಹೊಯ್ಸಿನ್ ದಪ್ಪಗೆ ಮೆತ್ತಿ, ಅರ್ಧ ಗಂಟೆ ನೆನೆಸಿ, ಚೆನ್ನಾಗಿ ಕಾದ ಕಬ್ಬಿಣದ ತವೆಗೆ ಹಾಕಿದೆ. ಎರಡೇ ನಿಮಿಷ. ಅಡುಗೆಮನೆ ತುಂಬ ಹೊಗೆ. ಪನೀರ್ ಹೊರಗೆ ಇದ್ದಿಲು, ಒಳಗೆ ತಣ್ಣಗೆ. ತವೆಗೆ ಅಂಟಿದ್ದ ಕರಿಯನ್ನು ತೆಂಗಿನ ನಾರು ಹಾಕಿ ಉಜ್ಜಿ ಉಜ್ಜಿ ತೋಳು ನೋವು ಬಂತು. ಈಗ ಪನೀರನ್ನು ಮೊದಲು ಹಾಗೇ ಹುರಿಯುತ್ತೇನೆ. ಹೊಂಬಣ್ಣ ಬಂದ ಮೇಲೆ ಉರಿ ಸಣ್ಣ ಮಾಡಿ, ಹೊಯ್ಸಿನ್‌ಗೆ ಒಂದು ಚಮಚ ನೀರು ಬೆರೆಸಿ, ಕೊನೆಯ ಒಂದೆರಡು ನಿಮಿಷಕ್ಕೆ ಸವರುತ್ತೇನೆ. ಒಲೆ ಆರಿಸುವ ಹೊತ್ತಿಗೆ ಹೊಳೆಯುತ್ತಿರುತ್ತದೆ. ಓವನ್‌ನಲ್ಲಿ ಕೋಳಿ ಸುಡುವವರೂ ಅಷ್ಟೇ, ಕೊನೆಯ ಐದು ಹತ್ತು ನಿಮಿಷ ಇರುವಾಗ ಹಚ್ಚಿ.

ಬೀಜಿಂಗ್‌ನವರ ಸಿಹಿ ಹಿಟ್ಟಿನ ಸಾಸ್

ಪೀಕಿಂಗ್ ಡಕ್ ಜೊತೆ ಕೊಡುವುದು ಹೊಯ್ಸಿನ್ ಅಂತ ಎಷ್ಟೋ ಜನ ನಂಬಿದ್ದಾರೆ. ಚೀನಾದ ಹೊರಗಿನ ಹೋಟೆಲುಗಳಲ್ಲಿ ಹೆಚ್ಚಾಗಿ ನಿಜವೂ ಹೌದು. ಆದರೆ ಬೀಜಿಂಗ್‌ನಲ್ಲಿ, 1864ರಿಂದ ಬಾತುಕೋಳಿ ಸುಡುತ್ತಿರುವ ಚ್ವಾನ್‌ಜುದೆಯಂಥ ಹಳೇ ಹೋಟೆಲುಗಳ ಊರಲ್ಲಿ, ತೆಳು ರೊಟ್ಟಿಗೆ ಸವರುವುದು ತಿಯೆನ್‌ಮಿಯೆನ್‌ಜಿಯಾಂಗ್. ಸಿಹಿ ಹಿಟ್ಟಿನ ಸಾಸ್ ಅಂತ ಅರ್ಥ, ಮೊದಲು ಹೇಳಿದ ಸ್ವೀಟ್ ಬೀನ್ ಸಾಸ್ ಇದೇ. ಗೋಧಿ ಹಿಟ್ಟು ಕಲಸಿ, ಹಬೆಯಲ್ಲಿ ಬೇಯಿಸಿ, ಅದಕ್ಕೆ ಬೂಷ್ಟು ಬರಿಸಿ, ಉಪ್ಪುನೀರಿನಲ್ಲಿ ಹುದುಗಿಸುತ್ತಾರೆ. ಆಗ ಹಿಟ್ಟಿನ ಪಿಷ್ಟವೇ ಸಕ್ಕರೆಯಾಗುತ್ತದೆ. ಹಾಗಾಗಿ ಇದರ ಸಿಹಿ ಹೊಯ್ಸಿನ್‌ನ ಹಾಗೆ ಎದ್ದು ಕುಣಿಯಲ್ಲ, ಒಳಗೊಳಗೇ ಇರುತ್ತದೆ. ಹುದುಗಿನ ವಾಸನೆ ಜೋರು.

ಇದು ಬಾಟಲಿಯಿಂದ ನೇರ ತಿನ್ನುವಂಥದ್ದಲ್ಲ. ಉಪ್ಪುಪ್ಪು, ಹಸಿಹಸಿ ಅನ್ನಿಸುತ್ತದೆ. ಬಾತುಕೋಳಿಗೆ ಕೊಡುವ ಮೊದಲೂ ಸ್ವಲ್ಪ ಸಕ್ಕರೆ, ಎಳ್ಳೆಣ್ಣೆ ಸೇರಿಸಿ ಹಬೆಯಲ್ಲೋ ಬಾಣಲೆಯಲ್ಲೋ ಬಿಸಿ ಮಾಡುತ್ತಾರೆ. ಎಣ್ಣೆಯಲ್ಲಿ ಒಂದು ನಿಮಿಷ ಹುರಿದರೆ ಹಸಿ ವಾಸನೆ ಹೋಗಿ ಘಮ ಬರುತ್ತದೆ. ಸಿಚುವಾನ್‌ನಲ್ಲಿ ಎರಡು ಸಲ ಬೇಯಿಸುವ ಹಂದಿಮಾಂಸದ ಪಲ್ಯಕ್ಕೆ ಖಾರದ ಬೀನ್ ಪೇಸ್ಟ್ ಜೊತೆ ಇದನ್ನೂ ಒಂದು ಚಮಚ ಹಾಕುತ್ತಾರೆ. ಉತ್ತರ ಚೀನಾದಲ್ಲಿ ಬೆಳಗಿನ ತಿಂಡಿಗೆ ಮಾಡುವ ಜಿಯಾನ್‌ಬಿಂಗ್ ಅನ್ನೋ ದೋಸೆಗೂ ಇದನ್ನೇ ಸವರುತ್ತಾರೆ. ಸಿಂಗಪುರದಲ್ಲಿರುವವರು ಪೋಪಿಯಾ ಅನ್ನೋ ತೆಳು ಹಾಳೆಯ ರೋಲ್ ತಿಂದಿದ್ದರೆ ಒಳಗಿನ ಕಪ್ಪು ಸಿಹಿ ಸಾಸ್ ನೆನಪಿರಬಹುದು, ಅದೂ ಇದೇ ಬಳಗ.

ಬೆಳ್ಳುಳ್ಳಿ ತಿನ್ನದ ಮನೆಯವರು ಇಲ್ಲಿ ಸ್ವಲ್ಪ ನಿಲ್ಲಿ. ಹೊಯ್ಸಿನ್ ನಿಮಗೆ ನಡೆಯಲ್ಲ. ಆದರೆ ಇದರಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು, ಉಪ್ಪು, ನೀರು, ಕೆಲವು ಬ್ರ್ಯಾಂಡ್‌ಗಳಲ್ಲಿ ಸಕ್ಕರೆ ಮತ್ತು ಸೋಯಾ ಇರುತ್ತದೆ, ಅಷ್ಟೇ. ಲೇಬಲ್ ಓದಿ, ಸಕ್ಕರೆ ಹಾಕಿ ಕುದಿಸಿಕೊಂಡರೆ ಹೊಯ್ಸಿನ್ ಮಾಡುವ ಮುಕ್ಕಾಲು ಕೆಲಸ ಮಾಡುತ್ತದೆ. ಗೋಧಿ ಆಗದವರು ಮಾತ್ರ ಇದರ ಹತ್ತಿರ ಸುಳಿಯಬೇಡಿ. ಇನ್ನೊಂದು ಕಷ್ಟ, ನಮ್ಮ ಊರುಗಳ ಅಂಗಡಿಯಲ್ಲಿ ಇದು ಸುಲಭಕ್ಕೆ ಸಿಗಲ್ಲ. ಆನ್‌ಲೈನ್‌ನಲ್ಲಿ ಹುಡುಕಬೇಕು.

ಆಯ್ಸ್ಟರ್ ಸಾಸ್: ಬಣ್ಣ ಒಂದೇ, ಕೆಲಸ ಬೇರೆ

ಇದರ ಹುಟ್ಟಿನ ಕಥೆ ಚೆನ್ನಾಗಿದೆ. ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್‌ನ ನಾನ್‌ಶುಯ್ ಅನ್ನೋ ಕಡಲ ಊರಿನಲ್ಲಿ ಲೀ ಕುಮ್ ಶೆಯುಂಗ್ ಅನ್ನುವವರು ಸಣ್ಣ ಹೋಟೆಲ್ ಇಟ್ಟಿದ್ದರು. ಸಿಂಪಿ ಬೇಯಿಸಲು ಇಟ್ಟು ಮರೆತರಂತೆ. ನೋಡಿದರೆ ಪಾತ್ರೆಯಲ್ಲಿ ಮಂದವಾದ ಕಂದು ರಸ. ನೆಕ್ಕಿ ನೋಡಿದರೆ ಬಲು ರುಚಿ. 1888ರಲ್ಲಿ ಅದನ್ನೇ ಮಾರಲು ಶುರು ಮಾಡಿದರು. ಇವತ್ತಿನ ಲೀ ಕುಮ್ ಕೀ ಕಂಪನಿ ಹೇಳಿಕೊಂಡು ಬಂದಿರುವ ಕಥೆ ಇದು. ಹೊಯ್ಸಿನ್ ಬಾಟಲಿಯ ಮೇಲೂ ನೀವು ಹೆಚ್ಚಾಗಿ ನೋಡುವ ಹೆಸರು ಅದೇ.

ಆಯ್ಸ್ಟರ್ ಸಾಸ್‌ನಲ್ಲಿ ಸಿಹಿ ಇದ್ದರೂ ಹಿಂದೆ ನಿಲ್ಲುತ್ತದೆ, ಮುಂದೆ ಬರೋದು ಉಪ್ಪು ಮತ್ತು ಮಾಂಸದ ಸಾರಿನಂಥ ರುಚಿ. ಬೇಯಿಸಿದ ಸೊಪ್ಪು, ಬ್ರೊಕೊಲಿ, ನೂಡಲ್ಸ್, ಫ್ರೈಡ್ ರೈಸ್‌ಗೆ ಇದು ಸರಿ. ಅಲ್ಲಿ ಹೊಯ್ಸಿನ್ ಹಾಕಿದರೆ ಇಡೀ ಬಾಣಲೆ ಸಿಹಿಯಾಗುತ್ತದೆ. ನೆಂಚಿಕೊಳ್ಳೋಕೆ ಮಾತ್ರ ಆಯ್ಸ್ಟರ್ ಅಷ್ಟಕ್ಕಷ್ಟೆ.

ಸಸ್ಯಾಹಾರಿಗಳಿಗೆ ಅಣಬೆಯಿಂದ ಮಾಡಿದ್ದು ಸಿಗುತ್ತದೆ. ವೆಜಿಟೇರಿಯನ್ ಆಯ್ಸ್ಟರ್ ಅಂತಲೋ ಮಶ್ರೂಮ್ ಸಾಸ್ ಅಂತಲೋ ಬರೆದಿರುತ್ತಾರೆ. ಇಲ್ಲಿ ಹೆಸರು ಓದುವುದಕ್ಕಿಂತ ಗುರುತು ನೋಡುವುದು ಲೇಸು. ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ, ಕಂದು ತ್ರಿಕೋನ ಇದ್ದರೆ ಅಲ್ಲ. ವಿದೇಶದಲ್ಲಿರುವವರಿಗೆ ಈ ಅನುಕೂಲ ಇರಲ್ಲ, ಪದಾರ್ಥಗಳ ಪಟ್ಟಿಯನ್ನೇ ಓದಬೇಕು.

ಪ್ಲಮ್ ಸಾಸ್, ಚಾರ್ ಸಿಯು ಸಾಸ್

ಆ ಜೇನಿನ ಬಣ್ಣದ ಬಾಟಲಿ ಪ್ಲಮ್ ಸಾಸ್. ಸಿಹಿ ಹುಳಿ ಜಾಮ್‌ನಂತೆ. ಸುಟ್ಟ ಬಾತುಕೋಳಿಗೆ, ಸ್ಪ್ರಿಂಗ್ ರೋಲ್‌ಗೆ ಹೊಂದುತ್ತದೆ. ಸೋಯಾದ ಆಳ ಇದರಲ್ಲಿಲ್ಲ. ಹೊಯ್ಸಿನ್ ಬದಲು ಇದನ್ನು ಹಾಕಿದರೆ ಅಡುಗೆ ಕೆಡಲ್ಲ, ಆದರೆ ಬೇರೆಯೇ ಅಡುಗೆ ಆಗುತ್ತದೆ. ನಿಜ ಹೇಳಬೇಕಂದರೆ, ಮನೆಯಲ್ಲಿ ಮಾವಿನಕಾಯಿ ಗೊಜ್ಜು ಇರುವವರು ಇದಕ್ಕೆ ದುಡ್ಡು ಕೊಡುವ ಅಗತ್ಯ ನನಗೆ ಕಾಣಲ್ಲ.

ಚಾರ್ ಸಿಯು ಸಾಸ್ ಮಾಂಸ ಸುಡುವವರಿಗೆ. ಸ್ಥೂಲವಾಗಿ ಹೊಯ್ಸಿನ್‌ನ ಅಣ್ಣನ ಮಗ ಅನ್ನಿ: ಹುದುಗಿಸಿದ ಸೋಯಾ, ಇನ್ನೂ ಜಾಸ್ತಿ ಸಿಹಿ, ಐದು ಮಸಾಲೆ, ಮೇಲೆ ಕೆಂಪು ಬಣ್ಣ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ನಿಷೇಧ ತಂದ ಮೇಲೆ ನಮ್ಮ ಮನೆಯಲ್ಲಿ ಕೆಂಪು ಕಂಡರೆ ಲೇಬಲ್ ತಿರುಗಿಸುವ ಅಭ್ಯಾಸ ಆಗಿದೆ. ಹೊಯ್ಸಿನ್ ಇದ್ದರೆ ಅದಕ್ಕೆ ಜೇನು ಮತ್ತು ಐದು ಮಸಾಲೆ ಪುಡಿ ಸೇರಿಸಿ ನೀವೇ ಚಾರ್ ಸಿಯು ಮಾಡಿಕೊಳ್ಳಬಹುದು. ತಿರುಗುಮುರುಗು ಮಾಡಲಾಗಲ್ಲ.

ಮನೆಯಲ್ಲೇ ಮಾಡಿದರೆ?

ಬಾಟಲಿ ತರೋಕೆ ಮನಸ್ಸಿಲ್ಲ, ಒಂದೇ ಸಲ ಬೇಕು ಅನ್ನುವವರಿಗೆ. ನಾಲ್ಕು ಚಮಚ ಸೋಯಾ ಸಾಸ್, ಎರಡು ಚಮಚ ಜೋನಿ ಬೆಲ್ಲ, ಎರಡು ಚಮಚ ಹುರಿದು ನುಣ್ಣಗೆ ಅರೆದ ಎಳ್ಳು (ಇಲ್ಲದಿದ್ದರೆ ಕಡಲೆಕಾಯಿ ಬೆಣ್ಣೆ), ಎರಡು ಚಮಚ ಬೇಯಿಸಿ ಹಿಸುಕಿದ ಗೆಣಸು. ಇವೆಲ್ಲ ದೊಡ್ಡ ಚಮಚ. ಸಣ್ಣ ಚಮಚದಲ್ಲಿ ಎರಡು ವಿನಿಗರ್, ಒಂದು ಎಸಳು ಬೆಳ್ಳುಳ್ಳಿ, ಚಿಟಿಕೆ ಮೆಣಸಿನ ಪುಡಿ, ಚಿಟಿಕೆ ಐದು ಮಸಾಲೆ. ರುಬ್ಬಿ, ಸಣ್ಣ ಉರಿಯಲ್ಲಿ ಐದು ನಿಮಿಷ ಕುದಿಸಿ. ಜೋನಿ ಬೆಲ್ಲ ಇದಕ್ಕೆ ಹೇಳಿ ಮಾಡಿಸಿದ್ದು. ಬಣ್ಣವೂ ಅದರದ್ದೇ, ಅಂಟೂ ಅದರದ್ದೇ.

ಐದು ಮಸಾಲೆ ಪುಡಿ ಅಂದರೆ ಚಕ್ರಮೊಗ್ಗು, ಲವಂಗ, ಚಕ್ಕೆ, ಸೋಂಪು ಮತ್ತು ಸಿಚುವಾನ್ ಮೆಣಸು. ಕೊನೆಯದು ಸಿಗದಿದ್ದರೆ ಮಲೆನಾಡು, ಕರಾವಳಿಯವರು ತಲೆ ಕೆಡಿಸಿಕೊಳ್ಳಬೇಕಿಲ್ಲ, ಮೀನಿನ ಸಾರಿಗೆ ಹಾಕುವ ಜುಮ್ಮನಕಾಯಿ ಅದರದ್ದೇ ಕುಲ. ಎಳ್ಳೆಣ್ಣೆ ಹಾಕುವುದಾದರೆ ಒಂದು ಎಚ್ಚರ. ಚೀನೀ ಅಡುಗೆಯ ಎಳ್ಳೆಣ್ಣೆ ಹುರಿದ ಎಳ್ಳಿನದು, ಕಡುಗಂದು, ನಾಲ್ಕೇ ಹನಿ ಸಾಕು. ನಮ್ಮ ಗಾಣದ ಎಳ್ಳೆಣ್ಣೆಗೆ ಆ ವಾಸನೆ ಇಲ್ಲ.

ಬಾಟಲಿಯಷ್ಟು ಚೆನ್ನಾಗಿರುತ್ತಾ? ಇಲ್ಲ. ಹುದುಗಿಸಿದ ಕಾಳಿನಿಂದ ಬರುವ ಆಳ ಇದಕ್ಕೆ ಬರಲ್ಲ. ಫ್ರಿಜ್‌ನಲ್ಲಿ ಒಂದು ವಾರ ಇಡಬಹುದು ಅಷ್ಟೇ. ಆದರೆ ಸಕ್ಕರೆ, ಉಪ್ಪು ನಿಮ್ಮ ಕೈಯಲ್ಲಿರುತ್ತದೆ. ಬೆಳ್ಳುಳ್ಳಿ ಬಿಡಬಹುದು. ಗೋಧಿ ಆಗದವರು ಗೋಧಿ ಇಲ್ಲದ ಸೋಯಾ ಸಾಸ್ ಹುಡುಕಿ ಹಾಕಿಕೊಳ್ಳಬಹುದು, ಅವರಿಗೆ ಇದಕ್ಕಿಂತ ನೆಮ್ಮದಿಯ ದಾರಿ ಇಲ್ಲ.

ಹಾಗಾದರೆ ಯಾರಿಗೆ ಯಾವುದು

ಪಿಜಿಯಲ್ಲೋ ಬಾಡಿಗೆ ರೂಮಿನಲ್ಲೋ ಇದ್ದು, ಒಂದೇ ಬಾಟಲಿಗೆ ಜಾಗ ಮತ್ತು ದುಡ್ಡು ಇದ್ದರೆ ಹೊಯ್ಸಿನ್ ತಗೊಳ್ಳಿ. ಬ್ರೆಡ್ಡಿಗೆ ಸವರಬಹುದು, ಮ್ಯಾಗಿಗೆ ಒಂದು ಚಮಚ ಕಲಸಬಹುದು, ಚಪಾತಿಯಲ್ಲಿ ಸೌತೆಕಾಯಿ, ಈರುಳ್ಳಿಹೂ, ಹುರಿದ ಪನೀರ್ ಇಟ್ಟು ಸುತ್ತಬಹುದು. ಆಮದು ಬಾಟಲಿಗೆ ನಾನು ಮುನ್ನೂರು, ನಾನೂರು ಕೊಟ್ಟಿದ್ದೇನೆ. ಇಲ್ಲೇ ತಯಾರಾಗುವ ಬ್ರ್ಯಾಂಡ್‌ಗಳು ಕಡಿಮೆಗೆ ಸಿಗುತ್ತವೆ, ಆದರೆ ಪಟ್ಟಿ ನೋಡಿ: ಸೋಯಾ ಪೇಸ್ಟ್ ಎಲ್ಲೋ ಕೊನೆಯಲ್ಲಿದ್ದು ನೀರು, ಸಕ್ಕರೆ, ಕಾರ್ನ್‌ಫ್ಲೋರ್ ಮುಂದಿದ್ದರೆ ಅದು ಸಿಹಿ ಅಂಟು, ಹೊಯ್ಸಿನ್ ಅಲ್ಲ. ಇದೊಂದು ಕಡೆ ನೂರು ರೂಪಾಯಿ ಉಳಿಸೋಕೆ ಹೋಗಬೇಡಿ.

ವಾರಕ್ಕೆರಡು ಸಲ ನೂಡಲ್ಸ್, ಫ್ರೈಡ್ ರೈಸ್ ಮಾಡುವ ಮನೆಗೆ ಆಯ್ಸ್ಟರ್ ಅಥವಾ ಅದರ ಅಣಬೆ ರೂಪ. ಹೊಯ್ಸಿನ್ ಅಲ್ಲಿ ಹಾಗೇ ಉಳಿದುಹೋಗುತ್ತದೆ. ಗೋಬಿ ಮಂಚೂರಿಗೆ ಅಂತಲೇ ಹುಡುಕುತ್ತಿದ್ದರೆ ಇವ್ಯಾವುದೂ ಬೇಡ. ಸೋಯಾ, ವಿನಿಗರ್, ಚಿಲ್ಲಿ ಸಾಸ್ ಇದ್ದರೆ ಆಯಿತು.

ಬೀಜಿಂಗ್ ಅಡುಗೆಯನ್ನು ಅಲ್ಲಿಯ ಹಾಗೇ ಮಾಡಬೇಕು ಅನ್ನುವ ಹಠ ಇದ್ದವರು ಮತ್ತು ಬೆಳ್ಳುಳ್ಳಿ ಬಿಟ್ಟವರು ಸಿಹಿ ಹಿಟ್ಟಿನ ಸಾಸ್ ಹುಡುಕಿ. ಮನೆಯಲ್ಲಿ ಶುಗರ್ ಇರುವವರಿದ್ದರೆ ಪ್ಲಮ್, ಚಾರ್ ಸಿಯು ಕಡೆ ನೋಡಲೇಬೇಡಿ. ಹೊಯ್ಸಿನ್ ಕೂಡ ಸಣ್ಣ ಚಮಚದ ಲೆಕ್ಕದಲ್ಲಿ, ಇಲ್ಲವೇ ಬೆಲ್ಲ ಕಡಿಮೆ ಹಾಕಿ ಮನೆಯಲ್ಲಿ ಮಾಡಿದ್ದು.

ಯಾವುದನ್ನು ತಂದರೂ ಮುಚ್ಚಳ ತೆರೆದ ಮೇಲೆ ಫ್ರಿಜ್‌ನಲ್ಲಿಡಿ. ಒಣ ಚಮಚ ಹಾಕಿ, ಉಪ್ಪಿನಕಾಯಿಗೆ ಮಾಡುವ ಮಡಿಯನ್ನೇ ಮಾಡಿ.

ನಾದಿನಿ ಕೊನೆಗೆ ಹಸಿರು ಚುಕ್ಕೆ ನೋಡಿ ಹೊಯ್ಸಿನ್‌ನ ಸಣ್ಣ ಬಾಟಲಿ ತಂದಳು. ಮೂರು ದಿನ ಬಿಟ್ಟು ಮತ್ತೆ ಫೋನ್. "ಅತ್ತಿಗೆ, ಚೆನ್ನಾಗಿತ್ತು, ಆದ್ರೆ ಸಿಕ್ಕಾಪಟ್ಟೆ ಉಪ್ಪಾಯ್ತು." ಕೇಳಿದರೆ, ಹೊಯ್ಸಿನ್ ಹಾಕಿದ ಮೇಲೆ ಅಭ್ಯಾಸಬಲದಿಂದ ಸೋಯಾ ಸಾಸೂ ಸುರಿದು, ಮೇಲೆ ಉಪ್ಪೂ ಉದುರಿಸಿದ್ದಾಳೆ. ಹೊಯ್ಸಿನ್ ಹಾಕಿದ ಅಡುಗೆಗೆ ಉಪ್ಪು ಕೊನೆಗೆ, ರುಚಿ ನೋಡಿ, ಬೇಕಿದ್ದರೆ ಮಾತ್ರ. ಅದೊಂದು ಹೇಳೋಕೆ ಆವತ್ತು ಮರೆತಿದ್ದೆ.